ಖಾಲಿ ಜಾಗ ಇದೆ ಅಂತ ಅಲ್ಲಿ ಬ್ಯಾಟರಿ ಇಡಬೇಡಿ

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ, ರಾಜ್ಯದ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ಅಧಿಕಾರಿಗಳಿಗೆ, ಹಾಗೇ ಮೈಸೂರಿನ ಪಾಲಿಕೆಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ದೇಶದ ತುಂಬ ಈಗ ಬ್ಯಾಟರಿ ಟೆಂಡರ್‌ಗಳ ಸುಗ್ಗಿ. ಮನೆಯ ಬ್ಯಾಟರಿ ಅಲ್ಲ, ವಿದ್ಯುತ್ ಜಾಸ್ತಿ ಇದ್ದಾಗ ತುಂಬಿಟ್ಟು ಬೇಕಾದಾಗ ವಾಪಸ್ ಕೊಡುವ, ಗ್ರಿಡ್‌ಗೆ ಜೋಡಿಸುವ ದೊಡ್ಡ ಬ್ಯಾಟರಿ. 2022ರಲ್ಲಿ ಕೇಂದ್ರದ ಸೌರ ವಿದ್ಯುತ್ ನಿಗಮ ಸೆಕಿ ಕರೆದ ಟೆಂಡರ್‌ನಲ್ಲಿ ಕಂಪನಿಯವರು ಒಂದು ಮೆಗಾವ್ಯಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿಗೂ ಜಾಸ್ತಿ ಬಾಡಿಗೆ ಕೇಳಿದ್ದರು. 2025ರ ಹೊತ್ತಿಗೆ, ಕೇಂದ್ರದ ಸಹಾಯಧನ ಸೇರಿಸಿಕೊಂಡು, ಕೆಲವು ರಾಜ್ಯಗಳಲ್ಲಿ ಅದು ಎರಡೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಇಷ್ಟು ಅಗ್ಗವಾದ ಮೇಲೆ ಇವತ್ತಲ್ಲ ನಾಳೆ ಮೈಸೂರಿನೊಳಗೂ ಬರುತ್ತದೆ. ಬರಲಿ. ನಾನು ಬೇಡ ಅನ್ನುವ ಪೈಕಿ ಅಲ್ಲ. ಇಲ್ಲಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಂಡು ರಿಟೈರ್ ಆದವನು. ಪ್ಯಾನೆಲ್ ಬೋರ್ಡ್ ಮುಂದೆಯೇ ಕೂದಲು ಬೆಳ್ಳಗಾಯಿತು. ಬ್ಯಾಟರಿಯಿಂದ ಏನು ಲಾಭ ಅಂತ ಗೊತ್ತಿದೆ. ನಾನು ಕೇಳುವುದು ಇಷ್ಟೇ: ಅದನ್ನು ಎಲ್ಲಿ ಇಡಬೇಕು ಅಂತ ಯಾವುದನ್ನು ನೋಡಿ ತೀರ್ಮಾನ ಮಾಡುತ್ತೀರಿ?

ನಮ್ಮಲ್ಲಿ ಜಾಗ ತೀರ್ಮಾನವಾಗುವ ರೀತಿ ಎಲ್ಲರಿಗೂ ಗೊತ್ತಿರುವುದೇ. ಮೊದಲು ಖಾಲಿ ಸರ್ಕಾರಿ ಜಾಗ ಹುಡುಕುತ್ತಾರೆ. ರಿಂಗ್ ರಸ್ತೆ ಪಕ್ಕ ಒಂದೆಕರೆ ಸಿಕ್ಕಿತಾ, ಯಾವುದಾದರೂ ಬಡಾವಣೆಯಲ್ಲಿ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ, ಯಾರೂ ಕೇಳದ ಸಿಎ ಸೈಟ್ ಇದೆಯಾ, ದೊಡ್ಡ ಸಬ್‌ಸ್ಟೇಷನ್ ಕಾಂಪೌಂಡಿನ ಒಂದು ಮೂಲೆಯಲ್ಲಿ ಗಿಡಗಂಟಿ ಬೆಳೆದುಕೊಂಡಿದೆಯಾ, ಅಲ್ಲಿಗೆ ಮುಗಿಯಿತು. ಕೋರ್ಟು ಕಚೇರಿ ಅಲೆಯುವಂತಿಲ್ಲ, ಉದ್ಘಾಟನೆಗೆ ಶಾಮಿಯಾನ ಹಾಕುವುದಕ್ಕೂ ಸಲೀಸು. ಸಮುದಾಯ ಭವನಕ್ಕೆ ಈ ಲೆಕ್ಕ ನಡೆಯಬಹುದು. ಬ್ಯಾಟರಿಗೆ ನಡೆಯುವುದಿಲ್ಲ. ಅದೇ ಬ್ಯಾಟರಿಯನ್ನು ಅದೇ ದುಡ್ಡಿಗೆ ಎರಡು ಕಿಲೋಮೀಟರ್ ಆಚೆ ಇಟ್ಟರೆ ಸಿಗುವ ಫಲವೇ ಬೇರೆ.

ಯಾಕೆ ಅಂತ ಹೇಳುತ್ತೇನೆ. ನಿಮಗೆ ಗೊತ್ತಿರುವ ವಿಷಯವೇ. ಈ ಪತ್ರವನ್ನು ಜನರೂ ಓದುತ್ತಾರಲ್ಲ, ಅವರಿಗಾಗಿ.

66 ಕೆವಿ (66 ಸಾವಿರ ವೋಲ್ಟ್) ಲೈನು ಸಬ್‌ಸ್ಟೇಷನ್‌ಗೆ ಬರುತ್ತದೆ. ಅಲ್ಲಿ 11 ಕೆವಿಗೆ ಇಳಿದು ಫೀಡರ್‌ಗಳಾಗಿ ಬೀದಿಬೀದಿಗೆ ಹೊರಡುತ್ತದೆ. ಫೀಡರ್ ಉದ್ದಕ್ಕೂ ಟಿಸಿಗಳು (ಬೀದಿಯ ಟ್ರಾನ್ಸ್‌ಫಾರ್ಮರ್‌ಗಳು), ಟಿಸಿಯಿಂದ ಮನೆಗಳಿಗೆ ತಂತಿ. ಫೀಡರ್ ಉದ್ದವಾದಷ್ಟೂ, ಅದರಲ್ಲಿ ಕರೆಂಟು ಜಾಸ್ತಿ ಹರಿದಷ್ಟೂ, ಕೊನೆಯಲ್ಲಿರುವವರಿಗೆ ವೋಲ್ಟೇಜ್ ಕಡಿಮೆ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿ.ಸಿ. ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಮುಟ್ಟುತ್ತಿಲ್ಲ ಅಂದರೆ ಕೆಆರ್‌ಎಸ್ ಮಗ್ಗುಲಲ್ಲೇ ಇನ್ನೊಂದು ಕೆರೆ ತೋಡಿ ಏನು ಬಂತು? ಕೆರೆ ಇರಬೇಕಾದ್ದು ಕೊನೇ ಭಾಗದಲ್ಲಿ. ನಾಲೆಯಲ್ಲಿ ನೀರು ಸಲೀಸಾಗಿ ಬರುವಾಗ ತುಂಬಿಕೊಳ್ಳಬೇಕು, ಎಲ್ಲರೂ ಒಟ್ಟಿಗೆ ಮಡೆ ತೆಗೆದಾಗ ಅಲ್ಲಿಂದಲೇ ಬಿಡಬೇಕು.

ಈಗ ಅಂಕಿ ಹಾಕೋಣ. ಒಂದು 11 ಕೆವಿ ಫೀಡರ್‌ನಲ್ಲಿ ಸಂಜೆ ಏಳರಿಂದ ಹತ್ತರವರೆಗೆ 200 ಆಂಪ್ಸ್ ಹರಿಯುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಸುಮಾರು 3.8 ಎಂವಿಎ, ಮೆಗಾವ್ಯಾಟ್ ಲೆಕ್ಕದಲ್ಲೂ ಹತ್ತಿರ ಹತ್ತಿರ ಅಷ್ಟೇ. ಫೀಡರ್‌ನ ದೂರದ ಭಾಗದಲ್ಲಿ ಒಂದು ಬ್ಯಾಟರಿ ಇಟ್ಟು ಆ ಹೊತ್ತಿನಲ್ಲಿ 50 ಆಂಪ್ಸ್ ಅಲ್ಲೇ ಕೊಟ್ಟರೆ, ಸಬ್‌ಸ್ಟೇಷನ್‌ನಿಂದ 150 ಹೊರಟರೆ ಸಾಕು. ತಂತಿ ಬಿಸಿಯಾಗಿ ಹಾಳಾಗುವ ವಿದ್ಯುತ್ತು ಕರೆಂಟಿನ ವರ್ಗದ (ಕರೆಂಟು ಗುಣಿಸು ಕರೆಂಟು) ಲೆಕ್ಕದಲ್ಲಿ ಏರಿಳಿಯುತ್ತದೆ. ಕರೆಂಟು ಕಾಲು ಭಾಗ ಇಳಿದರೆ ಆ ತಂತಿಯಲ್ಲಿನ ನಷ್ಟ ಶೇ 44ರಷ್ಟು ಇಳಿಯುತ್ತದೆ. ಕೊನೆಯವರ ವೋಲ್ಟೇಜೂ ಮೇಲೆ ಬರುತ್ತದೆ. 50 ಆಂಪ್ಸ್ ಅಂದರೆ 11 ಕೆವಿಯಲ್ಲಿ ಹತ್ತಿರ ಹತ್ತಿರ ಒಂದು ಮೆಗಾವ್ಯಾಟ್. ಮೂರು ಗಂಟೆಗೆ ಮೂರು ಸಾವಿರ ಯೂನಿಟ್. ಈಗ ಬರುತ್ತಿರುವ 20 ಅಡಿಯ ಒಂದು ಕಂಟೇನರ್‌ನಲ್ಲೇ ಸುಮಾರು ಐದು ಸಾವಿರ ಯೂನಿಟ್ ಹಿಡಿಸುತ್ತದೆ. ಪಕ್ಕಕ್ಕೆ ಇನ್ವರ್ಟರ್, ಒಂದು ಟ್ರಾನ್ಸ್‌ಫಾರ್ಮರ್, ಸುತ್ತ ಬೇಲಿ, ಒಂದಷ್ಟು ತೆರಪು. ಎಕರೆಗಟ್ಟಲೆ ಜಾಗ ಬೇಕು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಇದೇ ಬ್ಯಾಟರಿಯನ್ನು ಸಬ್‌ಸ್ಟೇಷನ್ ಕಾಂಪೌಂಡಿನಲ್ಲಿ ಇಟ್ಟರೆ? ಆ ಫೀಡರ್‌ನಲ್ಲಿ ಒಂದೇ ಒಂದು ಆಂಪ್ ಕಡಿಮೆಯಾಗುವುದಿಲ್ಲ. 200 ಇದ್ದದ್ದು 200 ಆಗಿಯೇ ಹೊರಡುತ್ತದೆ. ಅಲ್ಲಿರುವ ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ಮೇಲಿನ ಭಾರ ಇಳಿಯುತ್ತದೆ, ಸಂಜೆ ದುಬಾರಿ ವಿದ್ಯುತ್ ಕೊಳ್ಳುವುದು ತಪ್ಪುತ್ತದೆ, ಅಷ್ಟೇ. ಅದೇನೂ ಸಣ್ಣದಲ್ಲ, ಒಪ್ಪುತ್ತೇನೆ. ಆ ಟ್ರಾನ್ಸ್‌ಫಾರ್ಮರೇ ಉಸಿರುಗಟ್ಟುತ್ತಿದ್ದರೆ ಬ್ಯಾಟರಿ ಇರಬೇಕಾದ ಜಾಗ ಅದೇ. ಎಲ್ಲಿ ಕಟ್ಟಿಕೊಂಡಿದೆ ಅನ್ನೋದನ್ನ ಮೊದಲು ಪತ್ತೆ ಮಾಡಿ, ಆಮೇಲೆ ಜಾಗ ನೋಡಿ ಅನ್ನುವುದಷ್ಟೇ ನನ್ನ ಮಾತು. ಫೀಡರ್‌ನ ಕಟ್ಟಕಡೆಯ ಕಂಬಕ್ಕೇ ಹೋಗಿ ಇಡಿ ಅಂತಲೂ ಹೇಳುತ್ತಿಲ್ಲ. ತೀರಾ ತುದಿಗೆ ದೊಡ್ಡ ಬ್ಯಾಟರಿ ಇಟ್ಟರೆ ಕರೆಂಟು ಹಿಂದಕ್ಕೆ ಹರಿದು ಹೊಸ ನಷ್ಟ ಮಾಡುತ್ತದೆ. ಮೋಟರ್ ಲೋಡಿನಿಂದ ಇಳಿದ ವೋಲ್ಟೇಜ್ ಎತ್ತುವುದಕ್ಕೆ ಫೀಡರ್‌ಗೆ ಕೆಪಾಸಿಟರ್ ಕೂರಿಸುವವರಿಗೆ ಒಂದು ಹಳೆಯ ಲೆಕ್ಕವಿದೆ: ಲೋಡು ಫೀಡರ್ ಉದ್ದಕ್ಕೂ ಸಮನಾಗಿ ಹಂಚಿಹೋಗಿದ್ದರೆ ಮೂರರಲ್ಲಿ ಎರಡು ಭಾಗ ದೂರ ಹೋಗಿ ಅಲ್ಲಿ ಇಡು. ಊರಿನ ಲೋಡು ಎಲ್ಲಿಯೂ ಸಮನಾಗಿ ಇರುವುದಿಲ್ಲ ಬಿಡಿ. ಒಂದು ಕಲ್ಯಾಣ ಮಂಟಪ, ಒಂದು ಅಪಾರ್ಟ್‌ಮೆಂಟ್ ಬಂದರೆ ಲೆಕ್ಕ ಬದಲು. ಅದಕ್ಕೇ ಜಾಗ ಮತ್ತು ಗಾತ್ರ ಎರಡನ್ನೂ ಒಟ್ಟಿಗೇ ಕೂರಿಸಿ ಲೆಕ್ಕ ಹಾಕಬೇಕು. ಟೆಂಡರ್‌ನಲ್ಲಿ ಗಾತ್ರ ಬರೆದುಬಿಟ್ಟು ಆಮೇಲೆ ಜಾಗ ಹುಡುಕುವುದು ಉಲ್ಟಾ ಕೆಲಸ.

ಇನ್ನೊಂದು ವಿಷಯ ಮರೆಯಬಾರದು. ಬ್ಯಾಟರಿ ವಿದ್ಯುತ್ ಹುಟ್ಟಿಸುವುದಿಲ್ಲ, ತಿನ್ನುತ್ತದೆ. ಗ್ರಿಡ್‌ನಿಂದ 100 ಯೂನಿಟ್ ಹಾಕಿದರೆ ವಾಪಸ್ ಬರುವುದು 85ರ ಆಸುಪಾಸು. ಉಳಿದದ್ದು ಬ್ಯಾಟರಿಯೊಳಗೇ, ಇನ್ವರ್ಟರ್‌ನಲ್ಲಿ, ಬ್ಯಾಟರಿಯನ್ನು ತಂಪಾಗಿಡುವ ಎಸಿಯಲ್ಲಿ ಹೋಗುತ್ತದೆ. ಈ ನಷ್ಟ ಎಲ್ಲಿಟ್ಟರೂ ಇದ್ದದ್ದೇ. ಒಳ್ಳೆಯ ಜಾಗದಲ್ಲಿದ್ದರೆ ತಂತಿಯ ನಷ್ಟ ಉಳಿಸಿ, ಹೊಸ ಕೇಬಲ್ ಎಳೆಯುವ ಖರ್ಚು ಒಂದಷ್ಟು ವರ್ಷ ಮುಂದೂಡಿ ಆ ಲೆಕ್ಕ ಸರಿದೂಗಿಸುತ್ತದೆ. ತಪ್ಪು ಜಾಗದಲ್ಲಿದ್ದರೆ ತಿಂದದ್ದು ತಿಂದಂತೆಯೇ.

ಇಲ್ಲೇ ನನಗೆ ನಿಜವಾದ ಭಯ ಇರುವುದು. ಲಾಭ ಒಂದೇ ಜೇಬಿಗೆ ಹೋಗುವುದಿಲ್ಲ. 66 ಕೆವಿ ಮತ್ತು ಅದರ ಮೇಲಿನದ್ದು ಕೆಪಿಟಿಸಿಎಲ್‌ದು. 11 ಕೆವಿ ಫೀಡರ್, ಟಿಸಿ, ಮೀಟರ್ ನಿಗಮದ್ದು. ಜಾಗ ಪಾಲಿಕೆಯದೋ ಪ್ರಾಧಿಕಾರದ್ದೋ. ಬ್ಯಾಟರಿ ಖಾಸಗಿ ಕಂಪನಿಯದು. ಟ್ರಾನ್ಸ್‌ಫಾರ್ಮರ್ ಭಾರ ಇಳಿದರೆ ಒಬ್ಬರಿಗೆ ಅನುಕೂಲ, ಫೀಡರ್ ನಷ್ಟ ಇಳಿದರೆ ಇನ್ನೊಬ್ಬರಿಗೆ, ಡಿಮ್ ಆಗುತ್ತಿದ್ದ ದೀಪ ಸರಿಹೋದರೆ ಗ್ರಾಹಕನಿಗೆ. ಕಂಪನಿಗೆ ಮೆಗಾವ್ಯಾಟ್ ಲೆಕ್ಕದಲ್ಲಿ ತಿಂಗಳ ಬಾಡಿಗೆ. ಬ್ಯಾಟರಿ ಚಾಲೂ ಇದ್ದರೆ ಆಯಿತು, ಅದು ಕುವೆಂಪುನಗರದಲ್ಲಿದ್ದರೂ ಒಂದೇ ಕಡಕೊಳದಲ್ಲಿದ್ದರೂ ಒಂದೇ. ಹಾಗಾಗಿ ಕಂಪನಿ ತಾನಾಗಿ ಒಳ್ಳೆಯ ಜಾಗ ಹುಡುಕಲಿ ಅಂತ ಕಾಯಬೇಡಿ, ಅವರಿಗೆ ಅದರ ಅಗತ್ಯವೇ ಇಲ್ಲ. ಈ ಎಲ್ಲ ಲಾಭಗಳನ್ನೂ ಒಂದೇ ಹಾಳೆಯ ಮೇಲೆ ಕೂಡಿಸಿ ನೋಡುವವರು ಯಾರು? ಯಾರೂ ಇಲ್ಲದಿದ್ದರೆ ಕೊನೆಗೆ ಗೆಲ್ಲುವುದು ಖಾಲಿ ಜಾಗವೇ.

ಯಾರ ಮಾತು ಕೇಳಬೇಕು ಅನ್ನೋದೂ ಅಷ್ಟೇ ದೊಡ್ಡ ಪ್ರಶ್ನೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನವರು ಇಡೀ ರಾಜ್ಯದ ವಿದ್ಯುತ್ ಬೇಡಿಕೆ, ಪೂರೈಕೆ ನೋಡುತ್ತಾರೆ. ಅವರಿಗೆ ಯಾವಾಗ ವಿದ್ಯುತ್ ಜಾಸ್ತಿಯಾಯಿತೋ ಆಗ ಬ್ಯಾಟರಿ ತುಂಬಿ ಅನ್ನುತ್ತಾರೆ. ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವ ರಾಜ್ಯ ನಮ್ಮದು, ಹಗಲು ಅಗ್ಗ, ಸಂಜೆ ದುಬಾರಿ. ಆದರೆ ರಾಜ್ಯಕ್ಕೆ ಬಿಡುವಿದ್ದ ಹೊತ್ತಿನಲ್ಲಿ ಒಂದು ಬೀದಿಯ ಫೀಡರ್‌ಗೆ ಬಿಡುವಿರಬೇಕು ಅಂತೇನಿಲ್ಲ. ಹೆಬ್ಬಾಳದ ಕಾರ್ಖಾನೆಗಳ ಫೀಡರ್ ಹಗಲು ತುಂಬಿರುತ್ತದೆ. ಸಯ್ಯಾಜಿರಾವ್ ರಸ್ತೆಯ ಅಂಗಡಿಗಳದ್ದು ಬೇರೆ ವೇಳೆ. ವಿಜಯನಗರ, ಬೋಗಾದಿ ಕಡೆಯ ಮನೆಗಳದ್ದು ಸಂಜೆ. ಮನೆಗಳಿಗೆ ಬೆಳಗ್ಗೆಯೂ ಒಂದು ಏರು ಇದೆ, ಅದೂ ಜೂನ್ ಜುಲೈನಲ್ಲಿ. ಮಾಳಿಗೆ ಮೇಲಿನ ಸೋಲಾರ್ ನೀರು ಮೋಡದ ದಿನ ಬಿಸಿಯಾಗುವುದಿಲ್ಲ, ಆರೂವರೆಗೆ ಎಲ್ಲ ಮನೆಯಲ್ಲೂ ಗೀಸರ್ ಸ್ವಿಚ್ ಹಾಕುತ್ತಾರೆ. ಕಾರ್ಖಾನೆ ಫೀಡರ್‌ನ ತುದಿಯಲ್ಲಿ ಬ್ಯಾಟರಿ ಇಟ್ಟು ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ ತುಂಬಿಸಿದರೆ ಏನಾಗುತ್ತದೆ ಹೇಳಿ? ತುಂಬಿದ ಫೀಡರ್ ಮೇಲೆ ಇನ್ನಷ್ಟು ಹೊರೆ. ಹಾಗಾಗಿ ಫೀಡರ್ ಮೇಲೆ ಕೂರುವ ಬ್ಯಾಟರಿಗೆ ಫೀಡರ್‌ನ ಮಾತೇ ಮೊದಲು ಅಂತ ಕರಾರಿನಲ್ಲೇ ಬರೆಯಬೇಕು. ರಾಜ್ಯದ ಮಾತು ಆಮೇಲೆ.

ಮನೆ ಮೇಲೆ ಸೋಲಾರ್ ಹಾಕಿಸಿಕೊಂಡವರ ವಿಷಯಕ್ಕೆ ಬರುತ್ತೇನೆ. ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ, ಉತ್ಪತ್ತಿಯಾದದ್ದೆಲ್ಲ ಹೊರಗೆ ಹೋಗುತ್ತದೆ. ಒಂದೇ ಟಿಸಿ ಕೆಳಗೆ ಹತ್ತು ಹದಿನೈದು ಮನೆ ಹೀಗೆ ಮಾಡಿದರೆ ಆ ಲೈನಿನ ವೋಲ್ಟೇಜ್ ಏರುತ್ತದೆ, ಮಿತಿ ದಾಟಿದರೆ ಇನ್ವರ್ಟರ್ ತಾನೇ ಟ್ರಿಪ್ ಆಗುತ್ತದೆ. ಬಿಸಿಲು ಸುಮ್ನೆ ವೇಸ್ಟು. ಸಂಜೆ ಅದೇ ಬೀದಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಮಧ್ಯಾಹ್ನ ಏರು, ಸಂಜೆ ಇಳಿ. ಎರಡಕ್ಕೂ ಅಲ್ಲೇ ಹತ್ತಿರದ ಒಂದು ಬ್ಯಾಟರಿ ಸಾಕಾಗುತ್ತದೆ, ತುಂಬಿಸುವುದಕ್ಕೆ ದೂರದಿಂದ ವಿದ್ಯುತ್ ತರುವ ನಷ್ಟವೂ ಇಲ್ಲ. ನನ್ನ ಕೇಳಿದರೆ ಮೈಸೂರಿನಲ್ಲಿ ಮೊದಲ ಬ್ಯಾಟರಿ ಇಂಥ ಬೀದಿಗೇ ಬರಬೇಕು: ಮಾಳಿಗೆ ಸೋಲಾರ್ ಜಾಸ್ತಿ, ಸಂಜೆ ಲೋಡ್ ಜಾಸ್ತಿ, ಫೀಡರ್ ಉದ್ದ. ಮೂರೂ ಒಟ್ಟಿಗೆ ಇರುವ ಫೀಡರ್‌ಗಳು ಯಾವುವು ಅಂತ ನಿಮ್ಮ ದಾಖಲೆಯಲ್ಲೇ ಗೊತ್ತಾಗುತ್ತದೆ.

ಎಲ್ಲ ರೋಗಕ್ಕೂ ಬ್ಯಾಟರಿಯೇ ಮದ್ದು ಅಂತ ಮಾತ್ರ ತಿಳಿಯಬೇಡಿ. ಒಂದು ಟಿಸಿಯ ಮೂರು ಫೇಸ್‌ಗಳಲ್ಲಿ ಆರ್ ಫೇಸ್ ಒಂದರ ಮೇಲೇ ಮುಕ್ಕಾಲು ಮನೆ ಹಾಕಿ ಉಳಿದೆರಡನ್ನು ಖಾಲಿ ಬಿಟ್ಟಿದ್ದರೆ ಅದಕ್ಕೆ ಬೇಕಿರುವುದು ಏಣಿ, ಕಟಿಂಗ್ ಪ್ಲೇಯರ್ ಮತ್ತು ಒಬ್ಬ ಲೈನ್‌ಮನ್‌ನ ಅರ್ಧ ದಿನ. ಮೋಟರ್‌ಗಳು ಜಾಸ್ತಿ ಇರುವ ಕಡೆ ಕೆಪಾಸಿಟರ್ ಸಾಕು. ಸಣ್ಣ ತಂತಿ ಇದ್ದ ಕಡೆ ದಪ್ಪ ತಂತಿ. ಇವೆಲ್ಲ ಮಾಡಿದ ಮೇಲೂ ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಫೀಡರ್ ಕಟ್ಟಿಕೊಳ್ಳುತ್ತದೆ ಅಂದರೆ ಬ್ಯಾಟರಿ. ಇಡೀ ದಿನ ಕಟ್ಟಿಕೊಂಡಿದ್ದರೆ ಬ್ಯಾಟರಿ ತುಂಬಿಸುವುದಕ್ಕೇ ಹೊತ್ತು ಸಿಗುವುದಿಲ್ಲ, ಅಲ್ಲಿಗೆ ಹೊಸ ಫೀಡರ್ರೇ ಬೇಕು.

ದೆಹಲಿಯಲ್ಲಿ ಎರಡೂ ಬಗೆಯದು ಮಾಡಿ ನೋಡಿದ್ದಾರೆ. 2019ರಲ್ಲಿ ರೋಹಿಣಿಯ ಸಬ್‌ಸ್ಟೇಷನ್‌ನಲ್ಲಿ ಟಾಟಾ ಪವರ್‌ನವರ ವಿತರಣಾ ಕಂಪನಿ 10 ಮೆಗಾವ್ಯಾಟ್‌ನದು ಇಟ್ಟಿತು. 2021ರಲ್ಲಿ ಅವರೇ ರಾಣಿಬಾಗ್‌ನಲ್ಲಿ 150 ಕಿಲೋವ್ಯಾಟ್, 528 ಯೂನಿಟ್‌ನ ಸಣ್ಣದೊಂದನ್ನು ಜನವಸತಿಯ ಟ್ರಾನ್ಸ್‌ಫಾರ್ಮರ್‌ಗಳ ಭಾರ ಇಳಿಸುವುದಕ್ಕೆ ಇಟ್ಟರು. 2025ರಲ್ಲಿ ಕಿಲೋಕರಿಯಲ್ಲಿ ಅಲ್ಲಿನ ಇನ್ನೊಂದು ವಿತರಣಾ ಕಂಪನಿ ಬಿಎಸ್‌ಇಎಸ್‌ನವರ 20 ಮೆಗಾವ್ಯಾಟ್, 40 ಸಾವಿರ ಯೂನಿಟ್‌ನದು ಬಂತು, ಅದೂ 33 ಕೆವಿ ಸಬ್‌ಸ್ಟೇಷನ್‌ನಲ್ಲಿ. ನಮ್ಮವರು ಅಧ್ಯಯನ ಪ್ರವಾಸಕ್ಕೆ ಹೋದರೆ ದೊಡ್ಡದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರಬಾರದು ಅಂತಷ್ಟೇ ಕೋರಿಕೆ. ಸಣ್ಣದರ ಮುಂದೆ ನಿಂತು ಅದರ ಲಾಗ್‌ಬುಕ್ ಕೇಳಲಿ.

ಇನ್ನು ಬೆಂಕಿ. ಇದನ್ನು ಮುಚ್ಚಿಡಬಾರದು, ಮುಚ್ಚಿಟ್ಟರೆ ನಾಳೆ ಬಡಾವಣೆಯವರು ಬೇಲಿ ಕಿತ್ತು ಎಸೆಯುತ್ತಾರೆ, ಅವರನ್ನು ತಪ್ಪು ಅನ್ನುವುದಕ್ಕೂ ಆಗುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಝೋನಾದಲ್ಲಿ ಬರೀ 2 ಮೆಗಾವ್ಯಾಟ್‌ನ ಬ್ಯಾಟರಿ ಮನೆಯೊಂದರಿಂದ ಹೊಗೆ ಬಂತು. ಅಗ್ನಿಶಾಮಕದವರು ಬಾಗಿಲು ತೆಗೆದರು, ಒಳಗೆ ತುಂಬಿದ್ದ ಅನಿಲ ಸ್ಫೋಟಿಸಿ ನಾಲ್ವರಿಗೆ ಜೋರು ಗಾಯವಾಯಿತು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ ಜೋಡಿಸಿದ್ದ ಬ್ಯಾಟರಿಗಳು ಹೊತ್ತಿಕೊಂಡು ಸಾವಿರಕ್ಕೂ ಜಾಸ್ತಿ ಜನ ಮನೆ ಬಿಡಬೇಕಾಯಿತು. ಎರಡೂ ನಿಕ್ಕಲ್ ಸೇರಿದ ಹಳೆಯ ಬಗೆಯ ಲಿಥಿಯಂ ಬ್ಯಾಟರಿ, ಎರಡೂ ಒಂದು ಕೋಣೆಯೊಳಗೆ ಜೋಡಿಸಿದ್ದವು. ಈಗ ಬರುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್. ಅದು ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳುವುದೇ ಇಲ್ಲ ಅಂತಲ್ಲ. ಆದ್ದರಿಂದ ಬಯಲಿನಲ್ಲಿ ಬಿಡಿ ಕಂಟೇನರ್, ಮಧ್ಯೆ ಅಂತರ, ಅಗ್ನಿಶಾಮಕ ವಾಹನ ಒಳಗೆ ಬಂದು ತಿರುಗುವಷ್ಟು ದಾರಿ, ಬಾಗಿಲು ತೆಗೆಯದೆಯೇ ಒಳಗಿನ ಅನಿಲ ಎಷ್ಟಿದೆ ಅಂತ ಹೊರಗೆ ಕಾಣುವ ಮೀಟರ್. ಅಗ್ರಹಾರದ ಒಳ ಬೀದಿಗಳಲ್ಲಿ, ದೇವರಾಜ ಮಾರುಕಟ್ಟೆ ಸುತ್ತಮುತ್ತ ಈ ಅಂತರ ಎಲ್ಲಿಂದ ತರುತ್ತೀರಿ? ಅಲ್ಲಿ ಎಷ್ಟೇ ಲೋಡ್ ಇರಲಿ, ಬ್ಯಾಟರಿ ಬೇಡ. ಟಿಸಿ ಇಟ್ಟಹಾಗೆ ಫುಟ್‌ಪಾತ್ ಮೇಲೂ ಬೇಡ. ಮಳೆ ಬಂದರೆ ನೀರು ನಿಲ್ಲುವ ತಗ್ಗಿನಲ್ಲಿ, ರಾಜಕಾಲುವೆ ಪಕ್ಕದಲ್ಲಿ, ಮಕ್ಕಳ ಪಾರ್ಕಿನ ಮೂಲೆ ಕತ್ತರಿಸಿ, ಊಹುಂ. ಫ್ಯಾನ್‌ಗಳ ಸದ್ದೂ ರಾತ್ರಿಯೆಲ್ಲ ಇರುತ್ತದೆ, ಮಲಗುವ ಕೋಣೆಯ ಕಿಟಕಿಗೆ ಎದುರು ಇಟ್ಟರೆ ಮೊದಲ ವಾರವೇ ಜಗಳ.

ಹಾಗಾದರೆ ಬಡಾವಣೆಯಲ್ಲಿ ಎಲ್ಲಿ? ನೀರಿನ ಓವರ್‌ಹೆಡ್ ಟ್ಯಾಂಕ್‌ಗಳ ಕಾಂಪೌಂಡ್ ನೋಡಿ. ಎತ್ತರದ ಜಾಗ, ಬೇಲಿ ಇದೆ, ದಾರಿ ಇದೆ, ಪಾಲಿಕೆಯದೇ ನೆಲ. ಬಸ್ ಡಿಪೋ ನೋಡಿ, ಎಲೆಕ್ಟ್ರಿಕ್ ಬಸ್ಸು ಬಂದರೆ ಅಲ್ಲೇ ಲೋಡೂ ಬರುತ್ತದೆ. ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಪಂಪ್‌ಹೌಸ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಿ ಹತ್ತು ನಿಮಿಷ ಕರೆಂಟ್ ಹೋದರೂ ಪಂಪು ಮತ್ತೆ ಶುರು ಮಾಡಿ ಪೈಪಿನಲ್ಲಿ ಪ್ರೆಶರ್ ಕಟ್ಟುವ ಹೊತ್ತಿಗೆ ಊರಿನ ನಲ್ಲಿಗಳೆಲ್ಲ ಹಿಂದೆ ಬೀಳುತ್ತವೆ. ಆದರೆ ಲೈನು ಹೋದಾಗ ಬ್ಯಾಟರಿ ತಾನಾಗಿ ಕರೆಂಟ್ ಕೊಟ್ಟುಬಿಡುತ್ತದೆ ಅಂತ ಜನರಿಗೆ ಆಸೆ ಹುಟ್ಟಿಸಬೇಡಿ. ಇದರ ಇನ್ವರ್ಟರ್ ಮನೆಯ ಯುಪಿಎಸ್ ಥರದ್ದಲ್ಲ. ಮಾಮೂಲಿಯದಾದರೆ ಗ್ರಿಡ್ ಹೋದಾಗ ತಾನೂ ಆಫ್ ಆಗುತ್ತದೆ, ಆಗಲೇಬೇಕು, ರಿಪೇರಿಗೆ ಅಂತ ಕಂಬದ ಮೇಲೆ ಮನುಷ್ಯ ಇರುತ್ತಾನೆ. ಆ ಕೆಲಸ ಬೇಕಿದ್ದರೆ ತಾನೇ ಗ್ರಿಡ್ ಕಟ್ಟಬಲ್ಲ ಇನ್ವರ್ಟರ್ ಮತ್ತು ಆ ಭಾಗವನ್ನು ಪೂರ್ತಿ ಕಡಿದು ಬೇರೆ ಮಾಡುವ ಸ್ವಿಚ್ ಎರಡನ್ನೂ ಟೆಂಡರ್‌ನಲ್ಲೇ ಕೇಳಬೇಕು. ಆಮೇಲೆ ಸೇರಿಸಲು ಹೋದರೆ ದುಡ್ಡು ಡಬಲ್.

ದಸರಾ ಬಗ್ಗೆಯೂ ಒಂದು ಮಾತು. ಯಾರೋ ಒಬ್ಬರು ಖಂಡಿತ ಹೇಳುತ್ತಾರೆ, ಅರಮನೆ ಸುತ್ತ ಇಟ್ಟರೆ ದೀಪಾಲಂಕಾರಕ್ಕೆ ಆಗುತ್ತದೆ ಅಂತ. ಊರೆಲ್ಲ ನೂರು ಕಿಲೋಮೀಟರಿಗೂ ಜಾಸ್ತಿ ರಸ್ತೆಗೆ ದೀಪ ಹಾಕುವ ಹಬ್ಬ, ನನಗೂ ಇಷ್ಟ, ಮೊಮ್ಮಕ್ಕಳನ್ನು ಕರೆದುಕೊಂಡು ಸುತ್ತುತ್ತೇನೆ. ಆದರೆ ಕೆಲವೇ ದಿನದ ಎಲ್‌ಇಡಿ ಲೋಡ್ ನೋಡಿ 15 ವರ್ಷದ ಜಾಗ ಆರಿಸುವುದು ಬುದ್ಧಿವಂತಿಕೆ ಅಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಯಾಕೆಂದರೆ ಕೊಳ್ಳುವವರು ಅಲ್ಲಿದ್ದರು. ಸರಿ ತಪ್ಪು ಬೇರೆ ಮಾತು, ಯಾರಿಗೆ, ಯಾತಕ್ಕೆ ಅನ್ನುವುದು ಕಂಬ ನೆಡುವ ಮೊದಲೇ ಅವರಿಗೆ ಸ್ಪಷ್ಟವಿತ್ತು.

15 ವರ್ಷ ಅಂದೆ. ಈ ಕರಾರುಗಳು ಸಾಮಾನ್ಯವಾಗಿ 12 ಅಥವಾ 15 ವರ್ಷದವು. 15 ವರ್ಷದ ಹಿಂದೆ ರಿಂಗ್ ರಸ್ತೆಯ ಆಚೆ ಏನಿತ್ತು ಅಂತ ನೆನಪಿಸಿಕೊಳ್ಳಿ. ಇವತ್ತು ಸರಿಯಾದ ಫೀಡರ್ ಐದು ವರ್ಷಕ್ಕೆ ತಪ್ಪು ಫೀಡರ್ ಆಗಬಹುದು, ನೀವೇ ಅಲ್ಲೊಂದು ಹೊಸ ಸಬ್‌ಸ್ಟೇಷನ್ ಕಟ್ಟಿರಬಹುದು. ಕಂಟೇನರ್ ಅಂದರೆ ಲಾರಿ ಮೇಲೆ ಬಂದದ್ದು, ಲಾರಿ ಮೇಲೆ ಹೋಗಬಹುದು. ಒಂದೆರಡು ಸಲ ಜಾಗ ಬದಲಿಸುವ ಹಕ್ಕು ನಿಗಮಕ್ಕೆ ಇರಲಿ, ಅದರ ಖರ್ಚು ಎಷ್ಟು ಅಂತ ಬಿಡ್‌ನಲ್ಲೇ ಬರೆಸಿಕೊಳ್ಳಿ. ಈ ಒಂದು ಸಾಲು ಸೇರಿಸುವುದಕ್ಕೆ ಕಾಸು ಖರ್ಚಿಲ್ಲ.

ಕೊನೆಗೆ ನಾನು ಕೇಳುವುದು ಇದು. ಟೆಂಡರ್ ಕರೆಯುವ ಮೊದಲು ಮೈಸೂರು ನಗರದ ಪ್ರತಿ 11 ಕೆವಿ ಫೀಡರ್‌ನ ಒಂದು ವರ್ಷದ ಗಂಟೆಗಂಟೆಯ ಕರೆಂಟು, ಕೊನೆಯ ಟಿಸಿಯಲ್ಲಿನ ವೋಲ್ಟೇಜು, ಆ ಫೀಡರ್ ಮೇಲಿರುವ ಮಾಳಿಗೆ ಸೋಲಾರ್ ಎಷ್ಟು ಕಿಲೋವ್ಯಾಟ್ ಅನ್ನುವುದನ್ನು ವೆಬ್‌ಸೈಟ್‌ನಲ್ಲಿ ಹಾಕಿ. ಗ್ರಾಹಕರ ಹೆಸರು, ಆರ್‌ಆರ್ ನಂಬರ್ ಯಾವುದೂ ಬೇಡ. ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೇನು ಬರವೇ? ಹುಡುಗರು ಪ್ರಾಜೆಕ್ಟ್‌ಗೆ ವಿದೇಶದ ಮಾದರಿ ಫೀಡರ್‌ಗಳ ಅಂಕಿ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದಾರೆ, ಸರಸ್ವತಿಪುರಂ ಫೀಡರ್ ಕೊಟ್ಟರೆ ಅದಕ್ಕೇ ಹಾಕುತ್ತಾರೆ. ನಿಮ್ಮ ಸೆಕ್ಷನ್ ಆಫೀಸಿನ ಜೂನಿಯರ್ ಎಂಜಿನಿಯರ್‌ಗಳನ್ನು, ಲೈನ್‌ಮನ್‌ಗಳನ್ನು ಕರೆದು ಕೂರಿಸಿ ಕೇಳಿ. ಬೇಸಿಗೆಯಲ್ಲಿ ಯಾವ ಟಿಸಿಯ ಫ್ಯೂಸ್ ಹೋಗುತ್ತದೆ, ಯಾವ ಬೀದಿಯಿಂದ ಫೋನ್ ಬರುತ್ತದೆ ಅಂತ ಅವರಿಗೆ ಬಾಯಿಪಾಠ. ಆಮೇಲೆ ನಾಲ್ಕೈದು ಜಾಗ ಆರಿಸಿ, ಪ್ರತಿಯೊಂದಕ್ಕೂ ಯಾಕೆ ಅನ್ನುವುದನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು, ಆ ಬಡಾವಣೆಯವರ ಮುಂದೆ ಇಡಿ. ಆಯ್ಕೆಯಾಗದ ಜಾಗಗಳದ್ದೂ ಅದೇ ಪುಟದಲ್ಲಿ ಇರಲಿ. ಬ್ಯಾಟರಿಯ ಬಾಡಿಗೆ ಕೊನೆಗೆ ನಮ್ಮ ಬಿಲ್ಲಿಗೇ ಸೇರುವುದಲ್ವಾ? ವಿದ್ಯುತ್ ದರ ನಿಗದಿ ಮಾಡುವ ಆಯೋಗದವರು (ಕೆಇಆರ್‌ಸಿ) ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಮೈಸೂರಿಗೆ ಬರುತ್ತಾರಲ್ಲ, ಆ ದಿನ ಆ ಪುಟ ಹಿಡಿದುಕೊಂಡು ನಾನೂ ಬರುತ್ತೇನೆ.

ಇಂತಿ,
ಮೈಸೂರಿನ ಒಬ್ಬ ಗ್ರಾಹಕ